ಅರ್ಧ ಇಂಚು ಪಕ್ಕಕ್ಕೆ

ಮಗಳಿಗೆ ಪಾಠ ಹೇಳಿಕೊಡುವಷ್ಟು ಓದಿದವನಲ್ಲ ನಾನು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ದಾಟಿ, ಅಲ್ಲಿಗೇ ಪುಸ್ತಕಕ್ಕೆ ಕೈಮುಗಿದವನು. ತಣಿಸಂದ್ರದ ಮೇನ್ ರೋಡಿನಲ್ಲಿ ಪೈಪು, ನಲ್ಲಿ, ಸಿಂಕು ಮಾರಿಕೊಂಡಿದ್ದವನಿಗೆ ಅದಕ್ಕಿಂತ ಹೆಚ್ಚಿನ ವಿದ್ಯೆ ಬೇಕೂ ಆಗಿರಲಿಲ್ಲ. ಆದರೆ ಪರೀಕ್ಷೆ ಬಂತೆಂದರೆ ಮನೆಯಲ್ಲಿ ನನಗೊಂದು ಕೆಲಸವಿತ್ತು. ಅವಳು ಓದಿದ್ದನ್ನು ಒಪ್ಪಿಸಿಕೊಳ್ಳುವುದು. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಮುಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಅವಳ ಪುಸ್ತಕ.

ಅವಳದು ಇಂಗ್ಲಿಷ್ ಮೀಡಿಯಂ. ಸಾಲಿನ ಮೇಲೆ ಬೆರಳಿಟ್ಟುಕೊಂಡು, ಅವಳು ಹೇಳಿದ್ದೂ ಪುಸ್ತಕದಲ್ಲಿದ್ದದ್ದೂ ಒಂದೇ ಇದೆಯಾ ಅಂತ ನೋಡುತ್ತಾ ಹೋಗುವುದು, ಅಷ್ಟೇ ನನ್ನ ಪಾಂಡಿತ್ಯ. ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಎಲ್ಲಾದರೂ ತಡವರಿಸಿದರೆ ಅವಳು ಹುಬ್ಬೆತ್ತಿ ನನ್ನ ಮುಖ ನೋಡುತ್ತಿದ್ದಳು. ಆಗ ಮುಂದಿನ ಸಾಲಿನ ಮೊದಲ ಪದವನ್ನು ನಾನು ಎತ್ತಿಕೊಡಬೇಕು. ‘ದೇರ್‌ಫೋರ್’ ಅಂದರೆ ಸಾಕು, ಮಿಕ್ಕಿದ್ದು ನಲ್ಲಿ ತಿರುಗಿಸಿದ ಹಾಗೆ ಬರುತ್ತಿತ್ತು. ಪಕ್ಕದ ಮನೆಯ ಹುಡುಗಿಯೂ ಅದೇ ಕ್ಲಾಸು. ಅವಳೂ ನಮ್ಮ ಮೆಟ್ಟಿಲಿಗೇ ಬಂದು ಒಪ್ಪಿಸುತ್ತಿದ್ದಳು. ಅವಳಪ್ಪ ಗದಗದ ಕಡೆಯವರು, ಇಲ್ಲಿಯ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು. ಅಷ್ಟು ಓದಿದ ಅಪ್ಪನನ್ನು ಬಿಟ್ಟು ನನ್ನ ಹತ್ತಿರ ಯಾಕೆ ಬರುತ್ತೀಯಮ್ಮ ಅಂತ ಕೇಳಿದರೆ, ‘ನಮ್ಮಪ್ಪ ನಡುವ ನಿಲ್ಲಿಸಿ ಅರ್ಥ ಕೇಳ್ತಾನ್ರೀ ಅಂಕಲ್’ ಅನ್ನುತ್ತಿದ್ದಳು. ನಾನು ಅರ್ಥ ಕೇಳುವವನಲ್ಲ. ಅದು ನನಗೊಂದು ಹೆಮ್ಮೆಯೇ ಆಗಿತ್ತು.

ಹಳೆಯ ಐನೂರು, ಸಾವಿರದ ನೋಟು ನಿಂತುಹೋಯಿತಲ್ಲ, ಆ ವರ್ಷ ಮಗಳು ಒಂಬತ್ತನೇ ಕ್ಲಾಸು. ಅವರ ಶಾಲೆಯಲ್ಲಿ ಪರಿಸರ ವಿಜ್ಞಾನ ಅಂತ ಬೇರೆಯೇ ಒಂದು ಪೇಪರು. ಎಂಬತ್ತು ಅಂಕಕ್ಕೆ ಬರೆಯುವುದು, ಇಪ್ಪತ್ತಕ್ಕೆ ಪ್ರಾಜೆಕ್ಟು. ಬರೆಯುವುದರಲ್ಲೂ ಹತ್ತು ಅಂಕದ ಒಂದು ಪ್ರಶ್ನೆ ಅವರವರ ಪ್ರಾಜೆಕ್ಟಿನ ಮೇಲೆಯೇ. ಮೇಷ್ಟ್ರ ಮಗಳಿಗೆ ಕಸ ವಿಲೇವಾರಿ ಸಿಕ್ಕಿತು. ನನ್ನ ಮಗಳಿಗೆ ನೀರು. ನಿಮ್ಮ ಬಡಾವಣೆಯಲ್ಲಿ ಹಿಂದೆ ನೀರು ಎಲ್ಲೆಲ್ಲಿ ಹರಿಯುತ್ತಿತ್ತು ಅಂತ ಹಿರಿಯರನ್ನು ಕೇಳಿ, ನೀವೇ ನಡೆದು ನೋಡಿ ನಕ್ಷೆ ಬರೆಯಿರಿ, ನೆಟ್‌ನಲ್ಲಿ ಇರುವುದನ್ನು ಇಳಿಸಿಕೊಂಡು ಬಂದರೆ ಸೊನ್ನೆ ಅಂತ ಅವರ ಮಿಸ್ಸು ಹೇಳಿದ್ದರಂತೆ.

ಹಿರಿಯರು ಅಂದರೆ ನಮ್ಮ ಮನೆಯಲ್ಲೇ ಒಬ್ಬರಿದ್ದರು, ನಮ್ಮವ್ವ. ಈ ಜಾಗ ಬಡಾವಣೆಯಾಗುವ ಮುಂಚಿನ ಹಳ್ಳಿಗೆ ಸೊಸೆಯಾಗಿ ಬಂದವಳು. ಮಂಡಿನೋವು ಅಂತ ಗೇಟಿನಿಂದ ಆಚೆ ಕಾಲಿಟ್ಟು ಎರಡು ವರ್ಷವಾಗಿತ್ತು. ಮೊಮ್ಮಗಳು ಕೇಳಿದ್ದೇ ತಡ, ಒಂದು ಭಾನುವಾರ ಬೆಳಿಗ್ಗೆ ಕೋಲು ಹಿಡಿದು ಹೊರಟೇಬಿಟ್ಟಳು. ನಾನು ಅಂಗಡಿಯಲ್ಲಿದ್ದೆ. ಮೇಲಿನ ಕೆರೆಯ ಹಳೆಯ ಏರಿಯಿಂದ ಹಿಡಿದು ಕೆಳಗಿನ ಕೆರೆಯವರೆಗೆ ಇಬ್ಬರೂ ನಿಂತು, ಕೂತು, ಮತ್ತೆ ನಡೆದು ಹೋಗಿದ್ದಾರೆ. ಎರಡು ಕೆರೆಗಳ ನಡುವೆ ಹಿಂದೆ ಇದ್ದ ಕಾಲುವೆಯ ದಂಡೆಯ ಹೊಂಗೆ ಮರಗಳಲ್ಲಿ ಮೂರು ಇನ್ನೂ ಉಳಿದಿದ್ದವು. ಒಂದು ದೇವಸ್ಥಾನದ ಹಿಂದೆ, ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ, ಇನ್ನೊಂದು ನಮ್ಮ ಹಿತ್ತಿಲಿನಲ್ಲಿ. ಅವ್ವ ಒಂದೊಂದು ಮರವನ್ನೂ ಮುಟ್ಟಿ ತೋರಿಸಿದಳಂತೆ.

ಬುಧವಾರದ ಹೊತ್ತಿಗೆ ನಕ್ಷೆ ತಯಾರಾಯಿತು. ಸಂಜೆ ಅಂಗಡಿಯಿಂದ ಬಂದವನ ಮುಂದೆ ಡ್ರಾಯಿಂಗ್ ಶೀಟ್ ಬಿಡಿಸಿ ಹಿಡಿದಳು. ಎರಡು ಕೆರೆ, ರಸ್ತೆ, ಮನೆಗಳ ಚೌಕ, ಹಸಿರು ಚುಕ್ಕಿಯ ಹೊಂಗೆ ಮರಗಳು. ಅವುಗಳನ್ನು ಜೋಡಿಸಿಕೊಂಡು ಒಂದು ನೀಲಿ ಗೆರೆ. ಅದು ನಮ್ಮ ಹಿತ್ತಿಲಿನಿಂದ ಒಳಗೆ ಬಂದು, ಅಡುಗೆಮನೆ ದಾಟಿ, ಗೇಟಿನ ಪಕ್ಕದ ನೀರಿನ ಸಂಪಿನ ಮೇಲೆ ಹಾದು ರಸ್ತೆಗೆ ಬೀಳುತ್ತಿತ್ತು.

‘ಅಪ್ಪ, ನಮ್ಮನೆ ಕಾಲುವೆ ಮೇಲೇ ಇದೆ ಕಣಪ್ಪ. ನಿಂಗ್ ಗೊತ್ತಿತ್ತಾ?’ ಅಂದಳು. ಅವಳ ಮುಖದಲ್ಲಿ ಭಯವಿರಲಿಲ್ಲ, ಏನೋ ನಿಧಿ ಸಿಕ್ಕ ಖುಷಿ ಇತ್ತು.

‘ಇಲ್ಲೇ ಕಣವ್ವ ಅರೀತಿದ್ದುದು,’ ಅಂತ ಅವ್ವ ತನ್ನ ಮಂಚದ ಮೇಲಿಂದಲೇ ಹೇಳಿದಳು. ‘ನಿಮ್ ಅಡ್ಗೆಮನೆ ಐತಲ್ಲ, ಅಲ್ಲಿ ಮಂಡಿಗಂಟ ನೀರು. ನಿಮ್ ತಾತ ಅಲ್ಲೇ ಏಡಿ ಇಡೀತಿದ್ರು.’

ನನಗೆ ಗೊತ್ತಿತ್ತು. ನನಗೆ ಗೊತ್ತಿಲ್ಲದೆ ಇನ್ನು ಯಾರಿಗೆ ಗೊತ್ತಿರಬೇಕು? ಮೀಸೆ ಚಿಗುರುತ್ತಿದ್ದ ವಯಸ್ಸಿನಲ್ಲಿ ಆ ಕಾಲುವೆಗೆ ಚಪ್ಪಡಿ ಹಾಸಿ, ಮೇಲೆ ಮಣ್ಣು ಸುರಿದವರಲ್ಲಿ ನಾನೂ ಒಬ್ಬ. ಮೇಲಿನ ಕೆರೆಯೇ ಒಣಗಿದ ಮೇಲೆ ಕಾಲುವೆ ಯಾತಕ್ಕೆ ಅಂತ ನಮ್ಮಪ್ಪ ಅಂದರು, ಎಲ್ಲರೂ ಹಾಗೇ ಅಂದರು. ಪಕ್ಕದಲ್ಲೇ ನಮ್ಮ ರಾಗಿ ಕಣವಿತ್ತು. ಕಣವನ್ನು ಯಾರೂ ನೀರು ನಿಲ್ಲುವ ಕಡೆ ಮಾಡುವುದಿಲ್ಲ. ಊರಿಗೇ ಎತ್ತರದ, ಗಟ್ಟಿಯಾದ ನೆಲ ಅದು. ಮನೆಯನ್ನು ಅಲ್ಲಿ ಕಟ್ಟಬಹುದಿತ್ತು. ಆದರೆ ಗಟ್ಟಿ ನೆಲಕ್ಕೆ ಒಳ್ಳೆ ಬೆಲೆ ಬರುತ್ತದೆ ಅಂತ ಅದನ್ನು ಮಾರುವುದಕ್ಕೆ ಉಳಿಸಿಕೊಂಡು, ನಾವು ಮುಚ್ಚಿದ ಕಾಲುವೆಯ ಮೇಲೆ ಪಾಯ ತೆಗೆದೆವು. ಬುದ್ಧಿವಂತಿಕೆ ಅಂದರೆ ಅದೇ ಅಂದುಕೊಂಡಿದ್ದ ಕಾಲ. ಆ ಕಣದ ಸೈಟನ್ನೇ ಮೇಷ್ಟ್ರು ಕೊಂಡರು, ಮನೆ ಕಟ್ಟಿದರು. ದೊಡ್ಡ ಮಳೆ ಬಂದಾಗ ಅವರ ಮನೆ ಒಣಗಿಯೇ ಇರುತ್ತಿತ್ತು. ನಮ್ಮ ಅಡುಗೆಮನೆಯ ನೆಲ ಜಿನುಗುತ್ತಿತ್ತು, ನನ್ನ ಹೆಂಡತಿ ಅಕ್ಕಿ ಮೂಟೆಯನ್ನು ಸ್ಟೂಲಿನ ಮೇಲೆತ್ತಿ ಇಡುತ್ತಿದ್ದಳು.

ಬೇರೆ ವರ್ಷವಾಗಿದ್ದರೆ ನಕ್ಷೆ ನೋಡಿ ನಗುತ್ತಿದ್ದೆನೋ ಏನೋ. ಆ ವರ್ಷ ಮಳೆಗಾಲದಲ್ಲಿ ನಗರದ ಆ ತುದಿ ಈ ತುದಿಯಲ್ಲೆಲ್ಲ ಕೆರೆಯಿಂದ ಕೆರೆಗೆ ಹರಿಯುವ ರಾಜಕಾಲುವೆ ಮೇಲಿನ ಮನೆಗಳಿಗೆ, ಒಡೆಯುವುದಕ್ಕೆ ಅಂತ, ಪಾಲಿಕೆಯವರು ಕೆಂಪು ಬಣ್ಣದಲ್ಲಿ ಗುರುತು ಹಾಕುತ್ತಿದ್ದರು. ಟಿವಿ ಹಾಕಿದರೆ ಜೆಸಿಬಿ. ಒಂದು ಮನೆಯನ್ನು ಅರ್ಧಕ್ಕೆ ಸೀಳಿದಾಗ ಒಳಗಿನ ದೇವರ ಪಟ ಗೋಡೆಯ ಮೇಲೆ ಹಾಗೇ ಇದ್ದದ್ದನ್ನು ಎಲ್ಲರ ಜೊತೆ ಕೂತು ನೋಡಿದ್ದೆ. ಆಮೇಲೆ ಎಷ್ಟೋ ದಿನ ಬಣ್ಣದ ಡಬ್ಬ ಹಿಡಿದವರನ್ನು ಕಂಡರೆ ಅಂಗಡಿ ಬಿಟ್ಟು ಬಂದು ಮನೆಯ ಗೋಡೆ ನೋಡಿ ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಸ್ಥಿತಿ ಅದು. ಒಂಬತ್ತನೇ ಕ್ಲಾಸಿನ ಹುಡುಗಿಯ ಚಿತ್ರ ನೋಡಿಕೊಂಡು ಯಾರೂ ಮನೆ ಒಡೆಯಲು ಬರುವುದಿಲ್ಲ ಅಂತ ಈಗ ಗೊತ್ತು. ಆಗ ಮಾತ್ರ, ಈ ಶೀಟು ಶಾಲೆಯ ಗೋಡೆ ಹತ್ತುತ್ತದೆ, ಯಾರೋ ಸರ್ವೆಯವನ ಮಗುವೂ ಅದೇ ಶಾಲೆಯಲ್ಲಿರುತ್ತದೆ ಅಂತ ನನ್ನ ತಲೆ ಎಲ್ಲೆಲ್ಲಿಗೋ ಓಡಿತು.

‘ಇದು ತಪ್ಪು ಪುಟ್ಟಿ,’ ಅಂದೆ. ‘ಗೆರೆ ಇಲ್ಲಿ ಬರಲ್ಲ. ಸ್ವಲ್ಪ ಆ ಕಡೆ ಹಾಕು.’

‘ಎಷ್ಟು ಆ ಕಡೆ?’

‘ಅರ್ಧ ಇಂಚು.’

‘ಅಜ್ಜಿ ಇಲ್ಲೇ ಅಂದ್ರಲ್ಲಪ್ಪ. ಮರನೂ ಇದೆಯಲ್ಲ.’

‘ಅಜ್ಜಿಗೆ ವಯಸ್ಸಾಯ್ತು. ಮರೆವು. ಅವ್ರು ಹೇಳಿದ್ದನ್ನೆಲ್ಲ ಪರೀಕ್ಷೇಲಿ ಬರೆಯೋಕಾಗುತ್ತಾ?’

ಈ ಮಾತನ್ನು ನಾನು ಪಿಸುಗುಟ್ಟಲಿಲ್ಲ. ಮಂಚ ನಾಲ್ಕು ಮಾರು ದೂರದಲ್ಲಿತ್ತು. ಅವ್ವನಿಗೆ ಯಾರ ಮದುವೆ ಯಾವ ವಾರ, ಯಾವ ಹಸು ಯಾವ ಹಬ್ಬಕ್ಕೆ ಕರು ಹಾಕಿತು ಎಲ್ಲವೂ ನೆನಪಿತ್ತು, ಅದು ಮಗಳಿಗೂ ಗೊತ್ತಿತ್ತು. ಅವಳು ಅಜ್ಜಿಯ ಕಡೆ ತಿರುಗಿದಳು. ಅವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಟಿವಿಯಲ್ಲಿ ಜೆಸಿಬಿಯನ್ನು ಅವಳೂ ನೋಡಿದ್ದಳು.

‘ಊಂ ಕಣವ್ವ,’ ಅಂದಳು. ‘ನಂಗ್ ಮರೆವು. ನಿಮ್ಮಪ್ಪ ಏಳ್ದಂಗೇ ಆಕು.’

ಸ್ಕೆಚ್ ಪೆನ್ನಿನ ಗೆರೆ ಅಳಿಸುವುದಕ್ಕೆ ಬರುವುದಿಲ್ಲ. ಮಗಳು ಹೊಸ ಶೀಟು ತಂದು ಎಲ್ಲವನ್ನೂ ಮೊದಲಿನಿಂದ ಬರೆದಳು. ಎರಡು ಸಂಜೆ ಹಿಡಿಯಿತು. ನಮ್ಮದು ಮೂಲೆ ಮನೆ, ಪಶ್ಚಿಮದ ಪಕ್ಕಕ್ಕೆ ಅಡ್ಡರಸ್ತೆ, ನಾನು ಬೆರಳು ತೋರಿಸಿದ ಪೂರ್ವಕ್ಕೆ ಮೇಷ್ಟ್ರ ಮನೆ. ಆ ಕಡೆ ಅರ್ಧ ಇಂಚು ಅಂದರೆ ಎಲ್ಲಿಗೆ ಬೀಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ ಅಂತ ಹೇಳಿಕೊಳ್ಳಲು ಬಹಳ ಸಲ ಪ್ರಯತ್ನಪಟ್ಟಿದ್ದೇನೆ. ಗೊತ್ತಿತ್ತು. ಬರೀ ಕಾಗದ ತಾನೇ, ಅವರಿಗೇನು ನಷ್ಟ ಅಂದುಕೊಂಡೆ. ಹಿತ್ತಿಲಿನ ಹೊಂಗೆ ಮರವನ್ನು ಹೊಸ ನಕ್ಷೆಯಲ್ಲಿ ಅವಳು ಬರೆಯಲೇ ಇಲ್ಲ. ಬಿಡು ಅಂತ ನಾನು ಹೇಳಿರಲಿಲ್ಲ, ಅದು ಇದ್ದರೆ ಗೆರೆ ಸುಳ್ಳಾಗುತ್ತದೆ ಅಂತ ಅವಳಿಗೇ ಹೊಳೆದಿತ್ತು.

ಆಮೇಲೆ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದುಕೊಂಡಳು. ಇಂಗ್ಲಿಷಿನಲ್ಲಿ ಒಂದು ಪುಟ. ಬೆಳಿಗ್ಗೆ ಮೆಟ್ಟಿಲ ಮೇಲೆ ಅದನ್ನೂ ಒಪ್ಪಿಸಿದಳು. ಬಡಾವಣೆಯ ಹಿರಿಯರು ಹೇಳುವ ಪ್ರಕಾರ ಕಾಲುವೆ ನಮ್ಮ ರಸ್ತೆಯ ಎರಡನೆಯ ಮನೆಯ ಕೆಳಗೆ ಹರಿಯುತ್ತಿತ್ತು ಅನ್ನುವ ಸಾಲಿಗೆ ಬಂದಾಗ ಮೊದಲ ದಿನ ತಡವರಿಸಿ ಹುಬ್ಬೆತ್ತಿದಳು. ನಾನು ಮೊದಲ ಪದ ಎತ್ತಿಕೊಟ್ಟೆ. ಎರಡನೇ ದಿನವೂ ಅಲ್ಲೇ ನಿಂತಳು, ಎತ್ತಿಕೊಟ್ಟೆ. ಮೂರನೇ ದಿನ ಎಲ್ಲೂ ನಿಲ್ಲದೆ ಹೇಳಿದಳು. ‘ಶಭಾಷ್’ ಅಂತ ನಾನು ಅಂದದ್ದು ಚೆನ್ನಾಗಿ ನೆನಪಿದೆ. ಮೇಷ್ಟ್ರ ಮಗಳು ಅಲ್ಲೇ ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಾ ಕೂತಿದ್ದಳು, ಮುಖ ಎತ್ತಿ ನನ್ನ ಮಗಳನ್ನು ನೋಡಿದಳು. ಎರಡನೆಯ ಮನೆ ಯಾವುದು ಅಂತ ಅವಳಿಗೆ ಬೇರೆ ಹೇಳಬೇಕಿತ್ತೇ?

ಪರೀಕ್ಷೆಗೆ ಹತ್ತು ದಿನ ಮುಂಚೆ ಶಾಲೆಯಲ್ಲಿ ಪ್ರಾಜೆಕ್ಟುಗಳನ್ನು ಗೋಡೆಗೆ ಹಚ್ಚಿ ತಂದೆತಾಯಿಗಳನ್ನು ಕರೆದಿದ್ದರು. ಅಂಗಡಿಯ ನೆಪ ಹೇಳಿ ನಾನು ಹೋಗಲಿಲ್ಲ. ಮೇಷ್ಟ್ರು ಹೋಗಿದ್ದರು. ಅದೇ ದಿನ ಸಂಜೆ ನಮ್ಮ ಮನೆಗೆ ಬಂದರು. ಯಾವತ್ತೂ ಗೇಟಿನಲ್ಲೇ ನಿಂತು ಮಾತಾಡಿಸಿ ಹೋಗುವ ಮನುಷ್ಯ ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತರು.

‘ಅಣ್ಣಾರ, ನಕಾಶೆ ನೋಡಿದೆ. ಭಾಳ ಛಲೋ ತಗದಾಳ ನಿಮ್ ಮಗಳು. ಒಂದ್ ಮಾತು ಕೇಳ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. ನಮ್ ಮನಿ ಕಾಲುವಿ ಮ್ಯಾಲ ಐತೇನ್ರಿ?’

‘ಅಯ್ಯೋ ಬಿಡಿ ಮೇಷ್ಟ್ರೇ, ಮಕ್ಳು ಬರೆದ ಚಿತ್ರ ಅದು. ಅಳತೆ ಗಿಳತೆ ಏನೂ ಇಲ್ಲ.’

‘ಹಿರ್ಯಾರನ್ ಕೇಳಿ ಬರ್ದದ್ದು ಅಂತ ಕೆಳಗ ಬರ್ದೈತ್ರಿ. ಅದಕ್ಕ ಕೇಳ್ದೆ. ನಮ್ ಪಾಯದ ಹಂತೇಕ ಒಂದು ಬಿರುಕ ಬಿಟ್ಟೈತಿ.’

ಆ ಬಿರುಕನ್ನು ನಾನು ನೋಡಿದ್ದೆ. ಗಾರೆ ಒಣಗುವಾಗ ಬರುವ ಕೂದಲೆಳೆ ಬಿರುಕು, ಯಾವ ಮನೆಯಲ್ಲಿ ಇರುವುದಿಲ್ಲ? ನಿಮ್ಮದು ಕಣದ ನೆಲ ಮೇಷ್ಟ್ರೇ, ಕಾಲುವೆ ಇರುವುದು ನಮ್ಮ ಮನೆಯ ಕೆಳಗೆ ಅಂತ ಒಂದು ಮಾತು ಹೇಳಿದ್ದರೆ ಅವರು ಎದ್ದು ನೆಮ್ಮದಿಯಾಗಿ ಹೋಗುತ್ತಿದ್ದರು. ನಮ್ಮ ಗುಟ್ಟನ್ನು ಹೊರಗೆ ಹೇಳುವ ಮನುಷ್ಯರೂ ಆಗಿರಲಿಲ್ಲ. ನಾನು ಕಾಫಿ ತರಲು ಹೆಂಡತಿಗೆ ಕೂಗಿದೆ.

ಅವರು ಅವ್ವನ ಕಡೆ ತಿರುಗಿದರು. ‘ಅಮ್ಮಾರ, ನಿಮಗರ ಗೊತ್ತೈತೇನ್ರಿ?’

‘ನಂಗ್ ಮರೆವು ಕಣಪ್ಪ,’ ಅಂದಳು ಅವ್ವ, ಗೋಡೆ ನೋಡಿಕೊಂಡು.

ಕೊನೆಗೆ ಬಾಗಿಲ ಹತ್ತಿರ ನಿಂತಿದ್ದ ಮಗಳನ್ನು ಕೇಳಿದರು. ‘ನೀನ ಹೇಳವಾ. ಕಾಲುವಿ ಎಲ್ಲಿ ಹರೀತಿತ್ತು?’

ಅವಳು ಉತ್ತರ ಕೊಟ್ಟಳು. ಕನ್ನಡದಲ್ಲಿ ಕೇಳಿದವರಿಗೆ ಇಂಗ್ಲಿಷಿನಲ್ಲಿ, ಕೈ ಹಿಂದೆ ಕಟ್ಟಿಕೊಂಡು, ಮೆಟ್ಟಿಲ ಮೇಲೆ ಒಪ್ಪಿಸುತ್ತಿದ್ದಳಲ್ಲ ಅದೇ ದನಿಯಲ್ಲಿ. ಮೇಲಿನ ಕೆರೆಯಿಂದ ಶುರು ಮಾಡಿ ಕೆಳಗಿನ ಕೆರೆಯವರೆಗೆ ಇಡೀ ಪುಟ, ಎಲ್ಲೂ ತಡವರಿಸದೆ. ಕನ್ನಡದಲ್ಲಿ ಅವರ ಮುಖ ನೋಡಿಕೊಂಡು ಆ ಸುಳ್ಳು ಹೇಳಲು ಅವಳಿಗೆ ಆಗಲಿಲ್ಲ ಅಂತ ಈಗ ಅನ್ನಿಸುತ್ತದೆ. ಪಾಲಿಟೆಕ್ನಿಕ್ಕಿನ ಮೇಷ್ಟ್ರಿಗೆ ಇಂಗ್ಲಿಷ್ ಅರ್ಥವಾಗುತ್ತದೆ. ಯಾವತ್ತೂ ನಡುವೆ ನಿಲ್ಲಿಸಿ ಅರ್ಥ ಕೇಳುವವರು ಅವತ್ತು ಏನೂ ಕೇಳಲಿಲ್ಲ. ಕಾಫಿ ಕುಡಿದು, ಲೋಟವನ್ನು ತಾವೇ ಒಳಗಿಟ್ಟು ಹೋದರು.

ಮಾರನೇ ದಿನದಿಂದ ಅವರ ಮಗಳು ನಮ್ಮ ಮೆಟ್ಟಿಲಿಗೆ ಬರಲಿಲ್ಲ.

ಪರೀಕ್ಷೆ ಮುಗಿಸಿ ಬಂದವಳನ್ನು ಹೇಗಿತ್ತು ಅಂದರೆ ‘ಚೆನ್ನಾಗಿತ್ತು’ ಅಂದಳು. ಫಲಿತಾಂಶ ಬಂದಾಗ ಪ್ರಾಜೆಕ್ಟಿಗೆ ಇಪ್ಪತ್ತಕ್ಕೆ ಇಪ್ಪತ್ತು. ಬರೆದದ್ದರಲ್ಲಿ ಮಾತ್ರ ಎಂಬತ್ತಕ್ಕೆ ಅರವತ್ತೆಂಟು. ಒಂದು ಪ್ರಶ್ನೆಯನ್ನೂ ಬಿಟ್ಟು ಬರುವ ಹುಡುಗಿಯಲ್ಲ ಅವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇಷ್ಟು ದಿನ ಬೆಳಿಗ್ಗೆ ಎದ್ದು ಕೂತದ್ದು ಇದಕ್ಕೇನಾ ಅಂತ ರೇಗಿದೆ.

‘ಪ್ರಾಜೆಕ್ಟಿಂದು ಬಿಟ್ಟೆ,’ ಅಂದಳು.

‘ಬಾಯಿಪಾಠ ಬರ್ತಿತ್ತಲ್ಲೇ!’

‘ಎರಡು ಉತ್ತರ ಬರ್ತಿತ್ತಪ್ಪ. ಒಂದು ಅಜ್ಜಿದು, ಒಂದು ನಿಂದು. ಅಜ್ಜಿದು ಬರೆದ್ರೆ ಮ್ಯಾಪ್ ಸುಳ್ಳಾಗುತ್ತೆ. ನಿಂದು ಬರೆಯೋಕೆ ಕೈ ಬರ್ಲಿಲ್ಲ.’

ಹೋಗು ಊಟ ಮಾಡು ಅಂದೆ. ಆಮೇಲೆ ಅವಳು ನನ್ನ ಕೈಗೆ ಪುಸ್ತಕ ಕೊಡಲಿಲ್ಲ. ಹತ್ತನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೂ ತನ್ನ ಕೋಣೆಯಲ್ಲೇ ಕೂತು ಓದಿದಳು. ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಸುಮ್ಮನೆ ಕೂತು ಎದ್ದು ಹೋಗುತ್ತಿದ್ದೆ. ಅವ್ವನದು ಇನ್ನೊಂದು ಬಗೆ. ಅವತ್ತಿನಿಂದ ಯಾರು ಹಳೆಯ ಕಾಲದ್ದು ಏನು ಕೇಳಿದರೂ ನಂಗ್ ಮರೆವು ಅನ್ನುತ್ತಿದ್ದಳು. ಬಾಗಲೂರಿನಿಂದ ಬಂದ ಅವಳ ತಂಗಿ ತಮ್ಮ ಮದುವೆಯ ದಿಬ್ಬಣದ ಮಾತು ತೆಗೆದರೂ ಅದೇ ಉತ್ತರ. ಮಗನ ಮನೆಗಾಗಿ ಹಾಕಿಕೊಂಡ ವೇಷವನ್ನು ಸಾಯುವವರೆಗೂ ಬಿಚ್ಚಲಿಲ್ಲ. ನಿಜಕ್ಕೂ ಮರೆತಿದ್ದಳಾ ಅಂತ ಜನ ಕೇಳಿದರೆ ನನಗೆ ಉತ್ತರ ಹೇಳಲು ಧೈರ್ಯ ಬರುವುದಿಲ್ಲ.

ನಮ್ಮ ರಸ್ತೆಗೆ ಬಣ್ಣದ ಡಬ್ಬ ಹಿಡಿದು ಯಾರೂ ಬರಲಿಲ್ಲ. ಜೆಸಿಬಿ ಬರಲಿಲ್ಲ. ಟಿವಿಯವರೂ ಆ ಸುದ್ದಿ ಬಿಟ್ಟು ಬೇರೆ ಹಿಡಿದರು. ಆದರೆ ಮೇಷ್ಟ್ರು ಬಿಡಲಿಲ್ಲ. ಮಳೆ ಬಂದಾಗಲೆಲ್ಲ ಟಾರ್ಚು ಹಿಡಿದು ಆ ಬಿರುಕಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದದ್ದು ನಮ್ಮ ಕಿಟಕಿಗೆ ಕಾಣುತ್ತಿತ್ತು. ನಮ್ಮ ಅಡುಗೆಮನೆ ಜಿನುಗುತ್ತಿರುವಾಗ ಅವರು ಒಣ ಗೋಡೆಯನ್ನು ಸವರಿ ನೋಡುತ್ತಿದ್ದರು. ಎರಡು ಮಳೆಗಾಲ ಹೀಗೇ ಕಳೆಯಿತು. ಎಷ್ಟೋ ಸಲ ಹೋಗಿ ಹೇಳಿಬಿಡೋಣ ಅಂತ ಚಪ್ಪಲಿ ಮೆಟ್ಟಿಕೊಂಡಿದ್ದೇನೆ. ಗೇಟಿನವರೆಗೆ ಹೋಗಿ, ಸಂಪಿನ ಮುಚ್ಚಳ ಸರಿ ಮಾಡಿ ವಾಪಸು ಬಂದಿದ್ದೇನೆ. ಕೊನೆಗೆ ಅವರು ಮನೆ ಮಾರಿದರು. ಶೆಟ್ಟಿಹಳ್ಳಿಯ ಕಡೆ ಮೂರನೇ ಮಹಡಿಯಲ್ಲಿ ಒಂದು ಫ್ಲಾಟು ನೋಡಿಕೊಂಡಿದ್ದರು. ಮೂರನೇ ಮಹಡಿಯ ಕೆಳಗೆ ಕಾಲುವೆ ಇರೋದಿಲ್ಲವಲ್ಲ ಅಂತ ಅವರ ಹೆಂಡತಿ ನನ್ನ ಹೆಂಡತಿಯ ಹತ್ತಿರ ಹೇಳಿದರಂತೆ.

ಸಾಮಾನು ಲಾರಿಗೆ ತುಂಬಿದ ದಿನ ಮಗಳಿಗೆ ಕಾಲೇಜು ರಜೆ. ಮೇಷ್ಟ್ರು ಹೇಳಿ ಹೋಗಲು ಬಂದರು. ಹಿಂದೆ ಅವರ ಮಗಳೂ ಇದ್ದಳು, ಎತ್ತರವಾಗಿದ್ದಳು. ಎರಡು ವರ್ಷದ ಮೇಲೆ ನಮ್ಮ ಮನೆಯಲ್ಲಿ ಇಬ್ಬರು ಹುಡುಗಿಯರೂ ಎದುರುಬದುರು ನಿಂತು, ಕಾಲ ಬೆರಳು ನೋಡಿಕೊಳ್ಳುತ್ತಿದ್ದರು. ಮೇಷ್ಟ್ರು ನನ್ನ ಮಗಳ ತಲೆಯ ಮೇಲೆ ಕೈಯಿಟ್ಟರು.

‘ದೊಡ್ಡಾವ್ರು ಯಾರೂ ಬಾಯಿ ಬಿಡ್ಲಿಲ್ಲ ನೋಡವಾ. ನೀ ಒಬ್ಬಾಕಿನ ಖರೇ ಹೇಳ್ದಿ,’ ಅಂದರು. ‘ನಿನ್ ಉಪಕಾರ ಮರಿಯಂಗಿಲ್ಲ ನಾವು. ಹಿಂಗ ಖರೇ ಹೇಳ್ಕೋತ ಬಾಳು.’

ಅವರ ಕೈ ಇನ್ನೂ ತಲೆಯ ಮೇಲಿರುವಾಗಲೇ ಮಗಳು ಹುಬ್ಬೆತ್ತಿ ನನ್ನ ಮುಖ ನೋಡಿದಳು. ಮೆಟ್ಟಿಲ ಮೇಲೆ ಸಾಲು ಮರೆತಾಗ ನೋಡುತ್ತಿದ್ದಳಲ್ಲ, ಹಾಗೆಯೇ. ಅವಳಿಗೆ ಎಲ್ಲ ಬರುತ್ತಿತ್ತು. ನಾನು ಮೊದಲ ಪದ ಎತ್ತಿಕೊಟ್ಟರೆ ಸಾಕಿತ್ತು, ಮಿಕ್ಕಿದ್ದನ್ನು ಅವಳೇ ಹೇಳುತ್ತಿದ್ದಳು.

‘ಹುಷಾರಾಗಿ ಹೋಗ್ಬನ್ನಿ ಮೇಷ್ಟ್ರೇ,’ ಅಂದೆ. ‘ಹೆಬ್ಬಾಳದ ಹತ್ರ ಟ್ರಾಫಿಕ್ ಇರುತ್ತೆ.’

ಅವಳು ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಿದ್ದು, ಆಮೇಲೆ ಒಳಗೆ ಹೋದಳು.